ಪ್ರತಿಷ್ಠಾಪನೆಯಾಯಿತು, ನಿತ್ಯಪೂಜೆ ಯಾರದು?

ಇನ್‌ಸ್ಟಲೇಶನ್ ಎಂಬ ಮಾತನ್ನು ನಮ್ಮ ಕಲಾವಿಮರ್ಶಕರು ‘ಪ್ರತಿಷ್ಠಾಪನಾ ಕಲೆ’ ಎಂದು ಕನ್ನಡಕ್ಕೆ ತಂದಿದ್ದಾರೆ. ಹಾಗೆ ಅನುವಾದ ಮಾಡಿದವರು ಪುಣ್ಯಾತ್ಮರು. ಆ ಪದದ ಹೊಟ್ಟೆಯೊಳಗೆ ಒಂದು ಜವಾಬ್ದಾರಿಯನ್ನೂ ಇಟ್ಟುಬಿಟ್ಟಿದ್ದಾರೆ. ನಮ್ಮಲ್ಲಿ ಪ್ರತಿಷ್ಠಾಪನೆ ಎಂದರೆ ತಂದಿಟ್ಟು ಕೈ ತೊಳೆದುಕೊಳ್ಳುವ ಕೆಲಸವಲ್ಲ. ದೇವರನ್ನು ಪ್ರತಿಷ್ಠಾಪಿಸಿದ ಮೇಲೆ ಇರುವುದು ಎರಡೇ ದಾರಿ. ಕಲ್ಲಿನ ದೇವರಾದರೆ ನಿತ್ಯಪೂಜೆ ನಡೆಯಬೇಕು. ಮಣ್ಣಿನ ದೇವರಾದರೆ ವಿಸರ್ಜನೆಯಾಗಬೇಕು. ಎರಡೂ ಇಲ್ಲದ್ದು ಪಾಳುಗುಡಿ.

ಈ ಮಾತು ಏಕೆ ಬಂತೆಂದರೆ, ಈಗ ಊರೂರಿನ ಕೆರೆ ಏರಿ, ಉದ್ಯಾನ, ಬೆಟ್ಟದ ತಪ್ಪಲು, ಕಡಲ ದಂಡೆಗಳಲ್ಲಿ ಪರಿಸರದ ಹೆಸರಿನಲ್ಲಿ ಇಂಥ ಪ್ರತಿಷ್ಠಾಪನೆಗಳು ನಡೆಯುತ್ತಿವೆ. ಪ್ಲಾಸ್ಟಿಕ್ ಬಾಟಲಿಗಳ ಮೀನು, ಗುಜರಿ ಕಬ್ಬಿಣದ ಹಕ್ಕಿ, ಹಳೆಯ ಟೈರಿನ ಆಮೆ. ಕಲಾವಿದರ ಜೊತೆಗೆ ಊರಿನವರೂ ಶಾಲೆಯ ಮಕ್ಕಳೂ ಸೇರಿ ಮಾಡುತ್ತಾರೆ. ಉದ್ಘಾಟನೆಗೆ ಗಣ್ಯರು ಬರುತ್ತಾರೆ. ಭಾಷಣದಲ್ಲಿ ‘ಜಾಗೃತಿ’ ಎಂಬ ಪದ ಹತ್ತು ಸಲವಾದರೂ ಬರುತ್ತದೆ. ಒಂದೆರಡು ವರ್ಷ ಬಿಟ್ಟು ಹೋಗಿ ನೋಡಿ. ಬಾಟಲಿಗಳು ಬಿಸಿಲಿಗೆ ಸಿಡಿದು ಚೂರುಗಳು ಕೆರೆಗೇ ಬಿದ್ದಿರುತ್ತವೆ. ಟೈರಿನೊಳಗೆ ಮಳೆನೀರು ನಿಂತು ಸೊಳ್ಳೆ ಮರಿ ಮಾಡಿರುತ್ತದೆ. ಪೂಜೆಯೂ ಇಲ್ಲ, ವಿಸರ್ಜನೆಯೂ ಇಲ್ಲ.

ನಾನು ಕಲೆಯ ವೈರಿಯಲ್ಲ. ಮೂವತ್ತು ವರ್ಷದಿಂದ ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡವನ್ನೂ ಸಮಾಜವನ್ನೂ ಪಾಠ ಮಾಡುತ್ತಿರುವವಳು. ಮಕ್ಕಳ ಕೈಗೆ ಮಣ್ಣು, ಬಣ್ಣ ಸಿಕ್ಕಾಗ ಅವರ ಮುಖ ಹೇಗೆ ಅರಳುತ್ತದೆ ಎಂಬುದನ್ನು ಬಲ್ಲೆ. ನನ್ನ ಜಗಳ ಇರುವುದು ಆ ‘ಜಾಗೃತಿ’ ಎಂಬ ಪದದ ಜೊತೆಗೆ. ಏನನ್ನಾದರೂ ಮಾಡಿ, ಎಲ್ಲಿಯಾದರೂ ನಿಲ್ಲಿಸಿ, ಆಮೇಲೆ ಏನಾದರೂ ಆಗಲಿ, ‘ಜನರಲ್ಲಿ ಜಾಗೃತಿ ಮೂಡಿತು’ ಎಂದುಬಿಟ್ಟರೆ ಲೆಕ್ಕ ಚುಕ್ತಾ. ಜಾಗೃತಿಯನ್ನು ಅಳೆಯುವ ಸೇರು ಯಾವುದೂ ಇಲ್ಲವಲ್ಲ, ಯಾರು ಕೇಳಿಯಾರು?

ಒಂದು ಉದಾಹರಣೆ ಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ಜೂನ್ 5ರ ಪರಿಸರ ದಿನಕ್ಕೆಂದು ಸಂಸ್ಥೆಯೊಂದು ನಮ್ಮ ಶಾಲೆಗೆ ಬಂತು. ಆಟದ ಮೈದಾನದಾಚೆಯ ಹೊಂಗೆ ತೋಪಿನಲ್ಲಿ ಮಕ್ಕಳಿಂದಲೇ ‘ಅಳುತ್ತಿರುವ ಭೂಮಿ’ಯನ್ನು ಮಾಡಿಸುವುದು ಅವರ ಯೋಜನೆ. ಆಳೆತ್ತರದ ಗೋಳ, ಕಣ್ಣಲ್ಲಿ ನೀಲಿ ಹನಿಗಳು. ಎಲ್ಲವೂ ಥರ್ಮೋಕೋಲಿನದು. ಅಲಂಕಾರಕ್ಕೆ ಥರ್ಮೋಕೋಲ್ ಬಳಸುವುದನ್ನು 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧಿಸಿದ್ದಾರೆ, ನಿಮಗೆ ಗೊತ್ತಿಲ್ಲವೆ ಎಂದು ಕೇಳಿದೆ. ‘ಇದು ಅಲಂಕಾರವಲ್ಲ ಮೇಡಂ, ಸಂದೇಶ’ ಎಂದರು. ಫೋಟೋ ತೆಗೆದುಕೊಂಡು ಹೋದರು. ಆ ಮುಂಗಾರಿನ ಗಾಳಿಗೆ ಭೂಮಿ ಒಡೆಯಿತು. ಬಿಳಿ ಮಣಿಗಳು ತೋಪಿನ ತುಂಬ ಹರಡಿ, ಚರಂಡಿ ಹಿಡಿದು, ಊರ ಕೆರೆಯ ಕಡೆ ಹೊರಟವು. ನಾನೂ ಜವಾನರೂ ಎರಡು ದಿನ ಗುಡಿಸಿದೆವು. ಗುಡಿಸಿದ್ದನ್ನು ಎಲ್ಲಿ ಹಾಕುವುದು? ಸುಡುವ ಹಾಗಿಲ್ಲ, ಹೂಳುವ ಹಾಗಿಲ್ಲ. ಮೂಟೆ ಕಟ್ಟಿ ಇಟ್ಟೆವು. ಸಂದೇಶ ಇನ್ನೂ ಶಾಲೆಯ ಉಗ್ರಾಣದಲ್ಲಿದೆ.

‘ಇದು ತೀರ ಕೆಟ್ಟ ಉದಾಹರಣೆ, ಒಳ್ಳೆಯ ಕೆಲಸಗಳೂ ಇವೆ’ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಹುಳುಕು ಕಾಯಿಯನ್ನು ತೋರಿಸಿ ಮರವನ್ನೇ ಬೈಯುವುದು ನ್ಯಾಯವಲ್ಲ. ಆದ್ದರಿಂದ ನನಗೆ ಗೊತ್ತಿರುವುದರಲ್ಲೇ ಅತ್ಯುತ್ತಮವಾದದ್ದನ್ನು ತೆಗೆದುಕೊಂಡು ಮಾತಾಡುತ್ತೇನೆ. ಅದು ಲಂಟಾನ ಆನೆಗಳದು.

ಲಂಟಾನ ನಮ್ಮ ಗಿಡವಲ್ಲ. ಅಮೆರಿಕದ ಉಷ್ಣವಲಯದ್ದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಇದನ್ನು ಹೂವಿನ ಚೆಂದಕ್ಕೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಒಂದೇ ಗೊಂಚಲಿನಲ್ಲಿ ಹಳದಿ, ಕೆಂಪು, ಗುಲಾಬಿ ಹೂ. ಎಲೆ ಹೊಸಕಿದರೆ ಮೂಗು ಮುಚ್ಚುವಂಥ ನಾತ. ಹಣ್ಣನ್ನು ಹಕ್ಕಿಗಳು ತಿಂದು ಬೀಜವನ್ನು ಕಾಡಿನ ಉದ್ದಗಲಕ್ಕೂ ಹಾಕಿದವು. ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೇಶದ ಹುಲಿ ಕಾಡುಗಳಲ್ಲಿ ಸುಮಾರು 1,54,000 ಚದರ ಕಿಲೋಮೀಟರಿನಷ್ಟನ್ನು ಇದು ಹಿಡಿದಿದೆ. ಅಂದರೆ ಆ ಕಾಡುಗಳ ನೂರಕ್ಕೆ ನಲವತ್ತಕ್ಕೂ ಹೆಚ್ಚು ಭಾಗ. ಇದರ ಪೊದೆ ಒತ್ತಾಗಿ ಬೆಳೆದಲ್ಲಿ ಹುಲ್ಲು ಏಳುವುದಿಲ್ಲ. ಹುಲ್ಲಿಲ್ಲದ ಕಾಡಿನಲ್ಲಿ ಜಿಂಕೆ ಏನು ತಿನ್ನಬೇಕು, ಆನೆ ಏನು ತಿನ್ನಬೇಕು?

ಈ ಗಿಡದ ಕಡ್ಡಿಯಿಂದಲೇ ಆನೆ ಮಾಡುವ ಕೆಲಸ ನೀಲಗಿರಿಯ ಗೂಡಲೂರಿನ ಕಡೆ ಬೆಳೆಯಿತು. ಬೆಟ್ಟಕುರುಂಬ, ಪಣಿಯ, ಕಾಟುನಾಯಕನ್ ಮೊದಲಾದ ಕಾಡಿನ ಜನ ಕಡ್ಡಿ ಕಡಿದು, ಬೇಯಿಸಿ, ತೊಗಟೆ ಸುಲಿದು, ಕಬ್ಬಿಣದ ಚೌಕಟ್ಟಿನ ಮೇಲೆ ಬಗ್ಗಿಸಿ ಆನೆ ಕಟ್ಟುತ್ತಾರೆ. ಆ ಭಾಗದಲ್ಲಿ ಓಡಾಡುವ ನಿಜವಾದ ಆನೆಗಳನ್ನೇ ನೋಡಿ, ಅವುಗಳ ಅಳತೆಯಲ್ಲೇ ಮಾಡುತ್ತಾರೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರಿಗೆ ಲಂಟಾನ ಕೈಗೆಲಸ ಹೊಸದಲ್ಲ. 2004ರಿಂದಲೇ ಅಟ್ರೀ ಸಂಸ್ಥೆಯ ನೆರವಿನಿಂದ ಕುರ್ಚಿ, ಬುಟ್ಟಿ ಮಾಡುತ್ತಿದ್ದವರು ಆಮೇಲೆ ಆನೆಗೂ ಕೈ ಹಚ್ಚಿದರು. ಈ ಆನೆಗಳು 2021ರ ಬೇಸಿಗೆಯಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಿಂತವು. ಅದೇ ವರ್ಷ ಜುಲೈಯಿಂದ ನೂರು ಆನೆಗಳ ಒಂದು ಹಿಂಡು ಅಮೆರಿಕದ ನ್ಯೂಪೋರ್ಟಿನಿಂದ ಹೊರಟು ನ್ಯೂಯಾರ್ಕ್, ಮಯಾಮಿ ಎಂದು ಊರೂರು ಸುತ್ತಿತು. ಮಾಡಿದ ಕೈಗಳು ಸುಮಾರು ಇನ್ನೂರು ಜನರವು. ಮಾರಿ ಬಂದ ಹಣದಲ್ಲಿ ಅವರಿಗೆ ಕೂಲಿ. ಉಳಿದದ್ದು ಮನುಷ್ಯರೂ ಪ್ರಾಣಿಗಳೂ ಕೂಡಿ ಬಾಳುವುದಕ್ಕೆ ನೆರವಾಗುವ ಕೆಲಸಗಳಿಗೆ.

ಲಾಲ್‌ಬಾಗಿಗೆ ನಾನು ಎಂಟನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಸುಳ್ಳು ಹೇಳಬಾರದು, ಮರಗಳ ನೆರಳಿನಲ್ಲಿ ಆ ಹಿಂಡನ್ನು ಕಂಡಾಗ ಮಾತು ನಿಂತಿತು. ತಾಯಿಯ ಕಾಲ ಸಂದಿಯಲ್ಲಿ ಮರಿ ನಿಂತ ಭಂಗಿ ನೋಡಿದರೆ, ಕಟ್ಟಿದವರು ಆನೆಯನ್ನು ಪುಸ್ತಕದಲ್ಲಿ ನೋಡಿದವರಲ್ಲ ಎಂಬುದು ತಿಳಿಯುತ್ತಿತ್ತು. ಸುತ್ತ ಜನವೋ ಜನ, ಎಲ್ಲರ ಕೈಯಲ್ಲೂ ಫೋನು. ನಮ್ಮ ಮಕ್ಕಳಲ್ಲಿ ಕಾಡಂಚಿನ ಪೋಡಿನಿಂದ ಬರುವ ಹುಡುಗಿಯೊಬ್ಬಳಿದ್ದಳು. ಅವಳು ಫೋಟೋದ ಗೊಡವೆಗೆ ಹೋಗದೆ ಆನೆಯ ಕಾಲಿನ ಕಡ್ಡಿಯನ್ನು ಬೆರಳಲ್ಲಿ ತಟ್ಟಿ ನೋಡಿ, ‘ಇದನ್ನ ಮೇಲ್ಗಡೆ ಕಡಿದ್ರೆ ಮಳೆ ಬಿದ್ದ ತಕ್ಷಣ ಮತ್ತೆ ಚಿಗುರ್ತದೆ ಮೇಡಂ’ ಎಂದಳು.

ನನ್ನ ವಾದವೆಲ್ಲ ಆ ಒಂದು ಮಾತಿನಲ್ಲಿದೆ. ಲಂಟಾನವನ್ನು ಬುಡ ಬಿಟ್ಟು ಕಡಿದರೆ ಅದು ಮೊದಲಿಗಿಂತ ದಟ್ಟವಾಗಿ ಎದ್ದು ಬರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ. ಆರ್. ಬಾಬು ಮತ್ತು ಅವರ ಸಂಗಡಿಗರು ಇದಕ್ಕೊಂದು ಉಪಾಯ ಕಂಡುಹಿಡಿದಿದ್ದಾರೆ. ನೆಲದೊಳಗೆ ತುಸು ಕೆಳಗೆ ತಾಯಿಬೇರನ್ನೇ ಕತ್ತರಿಸಿ, ಗಿಡವನ್ನು ತಲೆಕೆಳಗು ಮಾಡಿ ಇಡಬೇಕು. ಆಮೇಲೂ ಕೆಲಸ ಮುಗಿಯುವುದಿಲ್ಲ. ಹಕ್ಕಿಗಳು ಕೂರುವ ಮರಗಳ ಕೆಳಗೆ ಏಳುವ ಸಸಿಗಳನ್ನು ಮಳೆಗಾಲಕ್ಕೊಮ್ಮೆ ಕೀಳಬೇಕು. ತೆರವಾದ ಜಾಗದಲ್ಲಿ ನಮ್ಮ ಹುಲ್ಲು, ನಮ್ಮ ಗಿಡ ಹಿಡಿಯುವಂತೆ ನೋಡಿಕೊಳ್ಳಬೇಕು. ಇಷ್ಟನ್ನು ವರ್ಷಗಟ್ಟಲೆ ಮಾಡಿದರೆ ಆ ತುಂಡು ನೆಲ ಮತ್ತೆ ಕಾಡಾಗುತ್ತದೆ. ನಿತ್ಯಪೂಜೆ ಎಂದು ನಾನು ಹೇಳಿದ್ದು ಇದನ್ನೇ.

ಈಗ ಲೆಕ್ಕ ಹಾಕಿ. ನೂರಲ್ಲ, ಸಾವಿರ ಆನೆ ಕಟ್ಟಿದರೂ 1,54,000 ಚದರ ಕಿಲೋಮೀಟರಿಗೆ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಕಡ್ಡಿ ಆನೆಗಳು ಕಾಡನ್ನು ಉಳಿಸುತ್ತವೆ ಎಂದು ನಂಬಿ ಮನೆಗೆ ಹೋಗುವವರು ಈ ಲೆಕ್ಕವನ್ನು ಒಮ್ಮೆ ಹಾಕಬೇಕು. ಆದರೂ ನಾನು ಈ ಕೆಲಸವನ್ನು ಮೆಚ್ಚುತ್ತೇನೆ. ಕಾರಣ ಇಷ್ಟೆ: ನಮ್ಮ ಥರ್ಮೋಕೋಲ್ ಭೂಮಿ ನೆಲಕ್ಕೆ ಕಸವನ್ನು ಸೇರಿಸಿತು, ಲಂಟಾನ ಆನೆ ಕಾಡಿನ ಕಸವನ್ನು ಕಡ್ಡಿಯಷ್ಟಾದರೂ ತೆಗೆಯಿತು. ಕಾಡಿನ ಜನರ ಕೈಗೆ ಕೂಲಿ ಕೊಟ್ಟಿತು. ಕಡಿದ ಜಾಗವನ್ನು ಮರೆತು ಆನೆಯನ್ನು ಮಾತ್ರ ನೋಡುವವರ ಮೇಲೆ ನನ್ನ ತಕರಾರು.

ಇನ್ನೊಂದು ಮಾತು ಇದಕ್ಕಿಂತ ಕಹಿಯಾದದ್ದು. ಆನೆ ಕಟ್ಟಿದ ಕೈಗಳನ್ನು ಹೊಗಳುತ್ತೇವೆ, ಸರಿ. ಆ ಕೈಗಳಿಗೆ ಕಾಡಿನ ಬಗ್ಗೆ ತಿಳಿದಿರುವುದನ್ನು ಕೇಳಿದ್ದೇವೆಯೆ? ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಬಲಿಯುವ ಮುನ್ನ ಒಣಗಿದ ತರಗಿಗೆ ತೆಳುವಾಗಿ ಬೆಂಕಿ ಕೊಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದೇ ಹೆಸರು. ಅದರಿಂದ ಎಳೆಯ ಲಂಟಾನ ಸಾಯುತ್ತಿತ್ತು, ನೆಲ್ಲಿ ಮರದ ಮೇಲೆ ಬೆಳೆಯುವ ಉಪ್ಪಿಲು ಎಂಬ ಬದನಿಕೆ ಹತೋಟಿಯಲ್ಲಿರುತ್ತಿತ್ತು, ಹೊಸ ಹುಲ್ಲು ಏಳುತ್ತಿತ್ತು ಎನ್ನುತ್ತಾರೆ ಅವರು. 1974ರಲ್ಲಿ ಅದು ಅಭಯಾರಣ್ಯವಾಯಿತು, ಬೆಂಕಿ ಅಪರಾಧವಾಯಿತು. ಸಂಶೋಧಕರು ಅಲ್ಲಿ ಮಾದರಿ ಜಾಗಗಳನ್ನು ಗುರುತಿಸಿ ನೋಡಿದಾಗ 1997ರಲ್ಲಿ ನೂರಕ್ಕೆ 41 ಕಡೆ ಇದ್ದ ಲಂಟಾನ 2008ರಲ್ಲಿ 81 ಕಡೆ ಇತ್ತು. ಇದಕ್ಕೆ ಬೆಂಕಿ ನಿಂತದ್ದೊಂದೇ ಕಾರಣವೆಂದು ವಿಜ್ಞಾನಿಗಳೆಲ್ಲ ಒಪ್ಪುವುದಿಲ್ಲ. ಇಷ್ಟು ದಟ್ಟವಾಗಿ ಬೆಳೆದ ಮೇಲೆ ಈಗ ಬೆಂಕಿ ಕೊಟ್ಟರೆ ಅದು ಹಳೆಯ ತೆಳು ಬೆಂಕಿಯಾಗದೆ ಮರಗಳನ್ನೇ ಸುಡುವ ಕಾಡ್ಗಿಚ್ಚಾದೀತು ಎಂಬ ಭಯವೂ ನಿಜ. ಆದರೆ ಆ ವಿಚಾರ ಕುಳಿತು ಚರ್ಚಿಸುವಂಥದ್ದು ಎಂದಾದರೂ ಆಗ ಯಾರಿಗೆ ಅನ್ನಿಸಿತ್ತು?

2011ರ ಅಕ್ಟೋಬರಿನಲ್ಲಿ, ಅರಣ್ಯ ಹಕ್ಕು ಕಾಯಿದೆಯಡಿ, ಅದೇ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ರಕ್ಷಿತಾರಣ್ಯವೊಂದರ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಪತ್ರಿಕೆಗಳು ಬರೆದವು, ನಾವು ಮರೆತೆವು. ಸೋಲಿಗ ಬಗ್ಗಿಸಿದ ಕಡ್ಡಿ ಲೋಕಕ್ಕೆಲ್ಲ ಕಾಣುತ್ತದೆ. ಸೋಲಿಗನ ಗ್ರಾಮಸಭೆ ಪಕ್ಕದ ತಾಲ್ಲೂಕಿನ ನಮಗೇ ಕಾಣುವುದಿಲ್ಲ. ಕೈಯನ್ನು ಮೆಚ್ಚಿ ತಲೆಯನ್ನು ಕಡೆಗಣಿಸುವುದು ಹಳೆಯ ಚಾಳಿ. ಹೆಂಗಸರಾದ ನಮಗೆ ಅದರ ಅನುಭವ ಬೇರೆಯಾಗಿ ಹೇಳಬೇಕಿಲ್ಲ.

‘ಕಲೆಯ ಮೇಲೆ ಇಷ್ಟೊಂದು ಭಾರ ಹೊರಿಸಬೇಡಿ. ಕಲಾವಿದ ಕಂಟ್ರಾಕ್ಟರನೂ ಅಲ್ಲ, ಅರಣ್ಯಾಧಿಕಾರಿಯೂ ಅಲ್ಲ. ಅವನು ಕಣ್ಣು ತೆರೆಸಿದರೆ ಸಾಕು’ ಎಂದು ನನ್ನ ಸಹೋದ್ಯೋಗಿಗಳು ಹೇಳುತ್ತಾರೆ. ಕಲೆಯ ಕೈಲಿ ಇದಾಗದು ಎನ್ನುವವರಿಗೆ ನಾನು ಜರ್ಮನಿಯ ಕಾಸೆಲ್ ಎಂಬ ಊರಿನ ಕಥೆ ಹೇಳುತ್ತೇನೆ.

1982ರಲ್ಲಿ ಅಲ್ಲಿ ನಡೆದ ದೊಡ್ಡ ಕಲಾ ಪ್ರದರ್ಶನಕ್ಕೆ ಯೋಸೆಫ್ ಬಾಯ್ಸ್ ಎಂಬ ಕಲಾವಿದ ಏಳು ಸಾವಿರ ಕಲ್ಲುಕಂಬಗಳನ್ನು ತರಿಸಿ ಮ್ಯೂಸಿಯಮ್ಮಿನ ಮುಂದೆ ರಾಶಿ ಸುರಿಸಿದ. ನಾಲ್ಕಡಿ ಎತ್ತರದ ಕಪ್ಪು ಬಸಾಲ್ಟ್ ಕಲ್ಲುಗಳು. ಊರಿನ ಅಂದಗೆಟ್ಟಿತೆಂದು ಜನ ಬೈದರು. ಅವನ ಷರತ್ತು ಒಂದೇ: ಊರಿನಲ್ಲಿ ಒಂದು ಮರ ನೆಟ್ಟರೆ ರಾಶಿಯಿಂದ ಒಂದು ಕಲ್ಲು ತೆಗೆದು ಆ ಮರದ ಪಕ್ಕ ನೆಡಬೇಕು. ಹೀಗೆ ಏಳು ಸಾವಿರ. ಕಲ್ಲಿನ ರಾಶಿ ಕರಗಬೇಕೆಂದರೆ ಊರಿನವರೇ ಗುಂಡಿ ತೋಡಬೇಕು. ಐದು ವರ್ಷ ಹಿಡಿಯಿತು. 1986ರಲ್ಲಿ ಬಾಯ್ಸ್ ತೀರಿಕೊಂಡ. 1987ರಲ್ಲಿ ಕೊನೆಯ ಮರವನ್ನು ಅವನ ಮಗ ನೆಟ್ಟ. ಮರ ದಪ್ಪವಾಗುತ್ತಾ ಹೋಗುತ್ತದೆ, ಕಲ್ಲು ಇದ್ದ ಹಾಗೇ ಇರುತ್ತದೆ. ಬೆಳೆದದ್ದೆಷ್ಟು ಎಂಬುದು ಮಗುವಿಗೂ ಕಾಣುತ್ತದೆ. ಇದಕ್ಕಿಂತ ಒಳ್ಳೆಯ ಲೆಕ್ಕದ ಪುಸ್ತಕ ಬೇಕೆ? ಜಾಗೃತಿಯನ್ನು ಅಳೆಯಲು ಸೇರಿಲ್ಲ ಎಂದೆನಲ್ಲ, ಆ ಕಲಾವಿದ ಏಳು ಸಾವಿರ ಸೇರು ಮಾಡಿಟ್ಟು ಹೋದ.

ಇನ್ನೊಬ್ಬ ಓಲಾಫರ್ ಎಲಿಯಾಸನ್. 2015ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಹವಾಮಾನದ ಜಾಗತಿಕ ಸಮ್ಮೇಳನ ನಡೆಯುವಾಗ ಆತ ಗ್ರೀನ್‌ಲ್ಯಾಂಡಿನ ಕಡಲಿನಿಂದ ಹನ್ನೆರಡು ದೊಡ್ಡ ಹಿಮಗಡ್ಡೆಗಳನ್ನು ತರಿಸಿ ಬೀದಿಯ ಚೌಕದಲ್ಲಿ ಕರಗಲು ಬಿಟ್ಟ. ಜನ ಮುಟ್ಟಿ ನೋಡಿದರು, ಕಿವಿಗೊಟ್ಟು ಕೇಳಿದರು. ಹಿಮ ಸಾಗಿಸಲು ಇಂಗಾಲ ಉರಿಯಲಿಲ್ಲವೆ ಎಂದು ನೀವು ಕೇಳುತ್ತೀರಿ. ಉರಿಯಿತು, ಸುಮಾರು 30 ಟನ್. ಆ ಲೆಕ್ಕವನ್ನು ಬೇರೆಯವರಿಂದ ಮಾಡಿಸಿ ಕಲಾವಿದನ ಕಡೆಯವರೇ ಜನರ ಮುಂದಿಟ್ಟರು. ಆ ಹಿಮವನ್ನು ತಂದದ್ದು ಸರಿಯೋ ತಪ್ಪೋ ಎಂದು ವಾದಿಸಬಹುದು. ವಾದಿಸಲು ಅವರು ಲೆಕ್ಕ ಕೊಟ್ಟಿದ್ದಾರೆ. ನಮ್ಮ ಊರಿನ ಬಾಟಲಿ ಮೀನಿನವರು ಯಾರಿಗೆ ಯಾವ ಲೆಕ್ಕ ಕೊಟ್ಟಿದ್ದಾರೆ?

ದೂರದ ಜರ್ಮನಿ, ಪ್ಯಾರಿಸ್ಸೇ ಏಕೆ? ನಮ್ಮವರಿಗೆ ಇದು ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಉತ್ತರ ಕರ್ನಾಟಕದ ಮನೆಮನೆಯಲ್ಲಿ ಮಕ್ಕಳು ಹಸಿಮಣ್ಣಿನ ಎತ್ತು ಮಾಡುತ್ತಾರೆ. ಪೂಜೆ ಮುಗಿದ ಮೇಲೆ ಅದು ನೀರಿಗೋ ಮಣ್ಣಿಗೋ ಸೇರುತ್ತದೆ. ಅದು ವಿಸರ್ಜನೆಯ ದಾರಿ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿನ ಅಯ್ಯಪ್ಪನಿಗೆ ಸುಟ್ಟ ಮಣ್ಣಿನ ನಾಯಿಗಳನ್ನು ಹರಕೆ ಒಪ್ಪಿಸುವ ಪದ್ಧತಿ ಇದೆ. ಮರದ ಬುಡದಲ್ಲಿ, ತರಗೆಲೆಯ ನಡುವೆ ಸಾಲಾಗಿ ಕುಳಿತ ಆ ನಾಯಿಗಳನ್ನು ನೋಡಿ, ಯಾವ ಪ್ರತಿಷ್ಠಾಪನಾ ಕಲೆಗೆ ಕಡಿಮೆ? ಊರಿನವರೇ ಮಾಡಿಸಿದ್ದು, ಕಾಡಿನಲ್ಲೇ ಇಟ್ಟದ್ದು. ಅದರ ಹಿಂದೆ ಒಂದು ಕಟ್ಟಳೆ: ಈ ಕಾಡಿನ ಮರಕ್ಕೆ ಕೊಡಲಿ ಹಾಕುವಂತಿಲ್ಲ. ಮಣ್ಣಿನ ನಾಯಿಗೆ ಬೆಲೆ ಬಂದದ್ದು ಆ ಕಟ್ಟಳೆಯಿಂದ. ಕಟ್ಟಳೆ ಸಡಿಲವಾದಲ್ಲಿ ದೇವರಕಾಡುಗಳೂ ಕಾಫಿ ತೋಟವಾದವು. ಇಪ್ಪತ್ತನೆಯ ಶತಮಾನದಲ್ಲಿ ಅವುಗಳ ವಿಸ್ತಾರ ಅರ್ಧಕ್ಕಿಂತ ಕೆಳಗಿಳಿಯಿತು. ಅಲ್ಲಿ ಮಣ್ಣಿನ ನಾಯಿ ಒಂದೇ ಕುಳಿತು ಏನನ್ನು ಕಾದೀತು?

ಹಾಗೆಂದು ಹಳೆಯದೆಲ್ಲ ಚಿನ್ನ, ಹೊಸದೆಲ್ಲ ಹಿತ್ತಾಳೆ ಎಂದು ನಾನು ಹೇಳುವುದಿಲ್ಲ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯ ನೀರಿನಲ್ಲಿ ಫೈಬರಿನ ಮೊಸಳೆ ಬಿಟ್ಟದ್ದು ನಿಮಗೆ ನೆನಪಿರಬಹುದು. ನಗುವುದಕ್ಕೆ ಬಂದ ಜನ ಗುಂಡಿಯನ್ನು ನೋಡಿದರು. ಪಾಲಿಕೆಯವರು ಬಂದು ರಸ್ತೆ ಸರಿಮಾಡಿದರು. ಆ ಮೊಸಳೆಗೆ ಒಂದು ವಿಳಾಸವಿತ್ತು. ಇಂಥ ರಸ್ತೆ, ಇಂಥ ಗುಂಡಿ, ಇಂಥವರು ಮುಚ್ಚಬೇಕು. ಗುಂಡಿ ಮುಚ್ಚಿದ ದಿನ ಮೊಸಳೆಗೆ ಅಲ್ಲಿ ಕೆಲಸವಿಲ್ಲ. ‘ಭೂಮಿಯನ್ನು ಉಳಿಸಿ’ ಎನ್ನುವ ಗೋಳಕ್ಕೆ ವಿಳಾಸವೇ ಇಲ್ಲ. ಯಾರಿಗೂ ಬರೆಯದ ಕಾಗದಕ್ಕೆ ಯಾರು ಉತ್ತರ ಬರೆಯುತ್ತಾರೆ?

ನಮ್ಮ ಕಡೆಯ ಜನಕ್ಕೆ ಇದು ಬರೀ ಕಲೆಯ ಚರ್ಚೆಯೂ ಅಲ್ಲ. 2025ರಲ್ಲಿ ಪ್ರಕಟವಾದ ಡಿಎನ್‌ಎ ಆಧಾರದ ಗಣತಿಯಲ್ಲಿ ಕರ್ನಾಟಕದ ಆನೆಗಳು 6,013. ದೇಶದಲ್ಲೇ ಹೆಚ್ಚು. ಅದು ಹೆಮ್ಮೆ, ನಿಜ. ಆದರೆ ಕಾಡಂಚಿನ ನಮ್ಮ ಮಕ್ಕಳು ಆನೆ ಬಂದ ರಾತ್ರಿ ನಿದ್ದೆಗೆಟ್ಟು ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ ತೂಕಡಿಸುತ್ತಾರೆ. ರಾಗಿ ಹೊಲ ಒಂದೇ ರಾತ್ರಿಗೆ ನೆಲಸಮವಾದ ತಂದೆಯೊಬ್ಬ ಮಗನನ್ನು ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚುತ್ತಾನೆ. ಆ ಹುಡುಗನಿಗೆ ಆನೆಯ ಬಗ್ಗೆ ಜಾಗೃತಿ ಮೂಡಿಸಲು ಯಾರೂ ಬರಬೇಕಾಗಿಲ್ಲ. ಅವನಿಗೆ ಬೇಕಾದದ್ದು ಆನೆಗೆ ಕಾಡಿನೊಳಗೇ ಹುಲ್ಲು. ಆ ಹುಲ್ಲು ಬರಬೇಕಾದರೆ ಯಾರಾದರೂ ಲಂಟಾನದ ಬುಡ ಕೀಳಬೇಕು, ಮತ್ತೆ ಮುಂದಿನ ವರ್ಷವೂ ಅಲ್ಲಿಗೇ ಹೋಗಬೇಕು.

ಆದ್ದರಿಂದ ಕಲಾವಿದರಿಗೂ, ಅವರಿಗೆ ಹಣ ಕೊಡುವವರಿಗೂ, ಹಾರ ಹಾಕಿಸಿಕೊಳ್ಳುವ ಗಣ್ಯರಿಗೂ, ಮಕ್ಕಳನ್ನು ಸಾಲಾಗಿ ನಿಲ್ಲಿಸುವ ನಮ್ಮಂಥ ಮೇಷ್ಟರು ಮೇಡಮ್ಮುಗಳಿಗೂ ನಾನು ಹೇಳುವುದು ಮೂರೇ ಪ್ರಶ್ನೆ. ಈ ಸಾಮಾನು ಎಲ್ಲಿಂದ ಬಂತು, ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ? ಇದನ್ನು ಮಾಡಿದ ಕೈಗಳಿಗೆ ಆ ನೆಲದ ವಿಚಾರದಲ್ಲಿ ಮಾತಾಡುವ ಅಧಿಕಾರವಿದೆಯೆ? ಮೂರು ವರ್ಷದ ಮೇಲೆ ಯಾವ ಜಾಗಕ್ಕೆ ಹೋದರೆ ಇದರ ಫಲ ಕಣ್ಣಿಗೆ ಕಾಣುತ್ತದೆ? ಈ ಮೂರಕ್ಕೆ ಉತ್ತರವಿದ್ದರೆ ಧಾರಾಳವಾಗಿ ಮಾಡಿ, ನಾನೇ ಮಕ್ಕಳನ್ನು ಕರೆತರುತ್ತೇನೆ. ಇಲ್ಲದಿದ್ದರೆ ಆ ಹಣದಲ್ಲಿ ಹತ್ತು ಗುದ್ದಲಿ ಕೊಡಿಸಿ.

ಈಗಿರುವ ಲಂಟಾನ ಆನೆಗಳಿಗೂ ನನ್ನದೊಂದು ಸಣ್ಣ ಬೇಡಿಕೆ. ಆನೆ ಎಲ್ಲಿ ನಿಂತರೂ ಅದರ ಪಕ್ಕದಲ್ಲಿ, ಕಡ್ಡಿ ಕಡಿದ ಜಾಗದ ಹೆಸರು, ಅದರ ಅಳತೆ, ಕಡಿದ ವರ್ಷ ಬರೆದಿರಲಿ. ಪ್ರತಿ ಮಳೆಗಾಲ ಕಳೆದ ಮೇಲೆ ಅಲ್ಲಿ ಈಗ ಏನು ಬೆಳೆದಿದೆ ಎಂಬುದನ್ನು, ಕಡಿದವರ ಬಾಯಿಂದಲೇ ಕೇಳಿ, ಅದರ ಕೆಳಗೆ ಬರೆಯಲಿ. ಹುಲ್ಲು ಬಂದಿದ್ದರೆ ಹುಲ್ಲು ಎಂದು, ಮತ್ತೆ ಲಂಟಾನವೇ ಎದ್ದಿದ್ದರೆ ಲಂಟಾನ ಎಂದು. ಆನೆಯನ್ನು ನೋಡಲು ಬಂದವರು ಅದನ್ನೂ ಓದಿಕೊಂಡು ಹೋಗಲಿ.